ಕ್ಲಚ್ಚಿಲ್ಲದ ಕಾರಿನಲ್ಲಿ ಅಪ್ಪನ ಎಡಗಾಲು

ಆಟೊಮ್ಯಾಟಿಕ್ ಕಾರಿನಲ್ಲಿ ಎಡಗಾಲಿಗೆ ಕೆಲಸವಿಲ್ಲ. ಇಷ್ಟನ್ನು ಅಪ್ಪನಿಗೆ ಹೇಳಿ ಹೇಳಿ ನನ್ನ ಬಾಯಿ ಬತ್ತಿತ್ತು. ಬಂಟ್ವಾಳ, ಮೂಡುಬಿದಿರೆ ಎಂದು ಆಯುಷ್ಯವಿಡೀ ಪ್ರೈವೇಟ್ ಬಸ್ ಓಡಿಸಿದವರು ಅವರು. ನಾನು ಟರ್ಬೊ ಇಂಜಿನಿನ ಈ ಆಟೊಮ್ಯಾಟಿಕ್ ಕಾರು ತಂದಾಗ, ನನ್ನನ್ನು ಮೂಡುಬಿದಿರೆಯ ಕಾಲೇಜಿಗೆ ಬಿಟ್ಟು ಕರೆತರುವ ಕೆಲಸವನ್ನು ಯಾರೂ ಕೇಳದೆಯೇ ವಹಿಸಿಕೊಂಡರು. ಪಾಠ ಮಾಡುವ ನನಗೂ ಕಾರು ಓಡಿಸಲು ಬರುತ್ತದೆ. ಆದರೆ ನಿವೃತ್ತರಾಗಿ ಮಂಕಾಗಿದ್ದ ಮನುಷ್ಯ ಮತ್ತೆ ಬೆಳಿಗ್ಗೆ ಬೇಗ ಎದ್ದು, ಗಡ್ಡ ಹೆರೆದು, ಇಸ್ತ್ರಿ ಮಾಡಿದ ಅಂಗಿ ತೊಡುತ್ತಿದ್ದರು. ಹಾಗಾಗಿ ಕೀ ಅವರ ಕಿಸೆಯಲ್ಲೇ ಇತ್ತು.

ಒಂದು ಬೆಳಿಗ್ಗೆ ಸಿದ್ದಕಟ್ಟೆ ದಾಟಿದ ಮೇಲೆ ರಿಕ್ಷಾದವನೊಬ್ಬ ಪಕ್ಕಕ್ಕೆ ಬಂದು, ನಮ್ಮ ಬ್ರೇಕ್ ಲೈಟ್ ಆರುವುದೇ ಇಲ್ಲ ಎಂದು ಹೇಳಿ ಹೋದ. ಸುಟ್ಟ ವಾಸನೆ ನನಗೂ ಬಂದಿತ್ತು. ಬಗ್ಗಿ ನೋಡಿದರೆ, ಅಪ್ಪನ ಬಲಗಾಲು ಆಕ್ಸಿಲರೇಟರಿನ ಮೇಲೆ, ಎಡಗಾಲು ಬ್ರೇಕಿನ ಮೇಲೆ! ಕಾರು ಮುಕ್ಕರಿಯುತ್ತಾ ಏರು ಹತ್ತುತ್ತಿತ್ತು.

"ನಾನು ಬ್ರೇಕ್ ಮುಟ್ಟಲೇ ಇಲ್ಲ ಮಾರಾಯ್ತಿ" ಎಂದರು ಅಪ್ಪ.

ಕಣ್ಣೆದುರೇ ಸುಳ್ಳು. ನನಗೆ ಮೈಯೆಲ್ಲ ಉರಿಯಿತು. ಕಾಲೇಜಿನ ಗೇಟಿನಲ್ಲಿ ಇಳಿದವಳು ಬಾಗಿಲನ್ನು ದಡಾರನೆ ಹಾಕಿ ನಡೆದೆ.

ಆ ದಿನ ಒಂದು ಕಡೆ ಕೂರಲಾಗಲಿಲ್ಲ. ಕ್ಲಾಸು ಮುಗಿದರೆ ಮೊಬೈಲು. ಎರಡನ್ನೂ ಒಟ್ಟಿಗೆ ತುಳಿದರೆ ಟರ್ಬೊ ಹಾಳಾಗುತ್ತದೆಯೇ? ರೇಸಿನವರು ಬೇಕೆಂದೇ ಹಾಗೆ ಮಾಡುತ್ತಾರೆ ಎಂದು ಒಬ್ಬ, ಗೇರ್‌ಬಾಕ್ಸ್ ಸತ್ತೇ ಹೋಗುತ್ತದೆ ಎಂದು ಇನ್ನೊಬ್ಬ. ಓದಿದಷ್ಟೂ ತಲೆ ಕೆಟ್ಟಿತು. ಕೊನೆಗೆ ಬೆಳ್ತಂಗಡಿಯಲ್ಲಿ ಗ್ಯಾರೇಜ್ ಇಟ್ಟಿರುವ ದೊಡ್ಡಮ್ಮನ ಮಗನಿಗೆ ಫೋನ್ ಮಾಡಿದೆ. ಟರ್ಬೊಗೆ ಅಷ್ಟು ಬೇಗ ಏನೂ ಆಗುವುದಿಲ್ಲ, ಆದರೆ ಬ್ರೇಕ್ ಪ್ಯಾಡ್ ಸವೆಯುತ್ತದೆ, ಗೇರಿನ ಆಯಿಲ್ ಕಾಯುತ್ತದೆ ಎಂದ. ಚಿಕ್ಕಪ್ಪ ಬೇಕೆಂದೇ ತುಳಿಯುತ್ತಾರಾ ಎಂದೂ ಕೇಳಿದ. ಬಸ್ಸಿನ ಹಟ, ಮತ್ತೇನು, ಎಂದು ಫೋನಿಟ್ಟೆ.

ಸಂಜೆ ಕೀ ಕಿತ್ತುಕೊಳ್ಳುವುದೆಂದು ತೀರ್ಮಾನಿಸಿದೆ. ತೀರ್ಮಾನಿಸಿದ ಮೇಲೆ ಮತ್ತೂ ಕಷ್ಟವಾಯಿತು. ಸ್ಟೇರಿಂಗು ಬಿಟ್ಟರೆ ಅಪ್ಪನಿಗೆ ಬೇರೇನುಂಟು? ಬುತ್ತಿ ಬಿಚ್ಚಿದವಳು ಹಾಗೇ ಮುಚ್ಚಿಟ್ಟೆ. ಸ್ಟಾಫ್ ರೂಮಿನ ಕಿಟಕಿಗೂ ಬಾಗಿಲಿಗೂ ಅಲೆದೆ. ಹೇಳಬೇಕಾದ ಮಾತನ್ನು ಒಮ್ಮೆ ಖಾರವಾಗಿ, ಒಮ್ಮೆ ಮೆತ್ತಗೆ, ಮನಸ್ಸಿನಲ್ಲೇ ಹೇಳಿ ನೋಡಿದೆ. ಯಾವುದೂ ಸರಿ ಬರಲಿಲ್ಲ.

ಸಂಜೆ ಗೇಟಿನ ಹತ್ತಿರ ಕಾರು ನಿಂತಿತ್ತು. ಬಸ್‌ಸ್ಟ್ಯಾಂಡಿನಲ್ಲಿ ಹಳೆಯ ಕಂಡಕ್ಟರುಗಳೊಡನೆ ಚಾ ಕುಡಿದು ಬಂದ ಅಪ್ಪ ಖುಷಿಯಾಗಿದ್ದರು. ಇಳಿಯಿರಿ ಎಂದು ಹೇಳಲಿಕ್ಕೇ ನಾನು ಅವರ ಕಡೆಯ ಬಾಗಿಲು ತೆರೆದೆ. ಎಡಗಾಲಿನಲ್ಲಿ ಚಪ್ಪಲಿ ಇರಲಿಲ್ಲ. ಎಲ್ಲಿ ಎಂದು ಕೇಳಿದೆ.

"ಉಂಟಲ್ಲ, ಕಾಲಲ್ಲೇ" ಎಂದರು.

ನನ್ನ ಸಿಟ್ಟು ಅಲ್ಲೇ ನಿಂತಿತು. ಅಪ್ಪನಿಗೆ ಬಹಳ ಕಾಲದಿಂದ ಶುಗರ್ ಇತ್ತು. ಪಾದ ಜೋಮು ಹಿಡಿದ ಹಾಗಿರುತ್ತದೆ ಎಂದು ಒಮ್ಮೆ ಹೇಳಿದ್ದರು, ನಾವು ಯಾರೂ ಅದನ್ನು ತಲೆಗೆ ಹಾಕಿಕೊಂಡಿರಲಿಲ್ಲ. ಈಗ ನನಗೆ ಹೆದರಿಕೆಯಾಯಿತು.

"ನೋಡದೆ ಹೇಳಿ ಅಪ್ಪ, ಎಡಗಾಲು ಈಗ ಎಲ್ಲಿ ಉಂಟು?"

"ಕೆಳಗೆ, ಮ್ಯಾಟಿನ ಮೇಲೆ."

ಕಾಲು ಬ್ರೇಕಿನ ಮೇಲಿತ್ತು. ನನ್ನ ಮುಖ ನೋಡಿ ಅವರೇ ಬಗ್ಗಿದರು. ತುಂಬ ಹೊತ್ತು ಬಗ್ಗಿಯೇ ಇದ್ದರು. ಆಮೇಲೆ ಕಾಲಿನಿಂದ ಕಣ್ಣು ಕೀಳದೆ, ಅದನ್ನು ನಿಧಾನಕ್ಕೆ ಪಕ್ಕಕ್ಕೆ ಸರಿಸಿದರು.

"ಆಗಲೂ ಹೀಗೇ ಇತ್ತೋ ಏನೋ, ಬಸ್ಸಲ್ಲಿ ಜನ ಇರ್ತಿದ್ರು" ಎಂದರು.

ಇಂಜಿನ್ ಆಫ್ ಮಾಡಿದರು. ಇಳಿದು, ಕಾರನ್ನು ಹಿಡಿದುಕೊಂಡೇ ಸುತ್ತು ಬಂದು, ನಾನು ಕೂರುತ್ತಿದ್ದ ಸೀಟಿನಲ್ಲಿ ಕೂತರು.