ಕುರ್ಲಾ ಪ್ಲಾಟ್‌ಫಾರ್ಮಿನ ಎಣಿಕೆ

ದಳವಾಯಿ ಸರ್ ಎಣಿಸುವುದರಲ್ಲಿ ತಪ್ಪಿದರು, ಅದಕ್ಕೇ ಶಕೀಲಾ ಸತ್ತಳು. ವಿಕ್ರೋಳಿಯ ನಮ್ಮ ಕನ್ನಡ ಮಂದಿ ಇಪ್ಪತ್ತಾರು ವರ್ಷಗಳಿಂದ ಹೇಳಿಕೊಂಡು ಬಂದ ಮಾತಿದು. ನಮ್ಮ ಮನೆಯಲ್ಲಿ ಇದನ್ನು ಅಮ್ಮ ಹೇಳುತ್ತಾಳೆ. ಹೈಸ್ಕೂಲಿನಲ್ಲಿ ಸರ್ ಆಡಿಸುತ್ತಿದ್ದ ಖೋ ಖೋ ತಂಡದಲ್ಲಿ ಶಕೀಲಾ ಏಳನೇ ನಂಬರು, ಅಮ್ಮ ಎಂಟನೆಯದು. ಬಾಂದ್ರಾದ ಮ್ಯಾಚಿಗೆಂದು ಎಲ್ಲರೂ ಕುರ್ಲಾದಲ್ಲಿ ಇಳಿದಾಗ, ಹತ್ತುವವರ ನೂಕಿಗೆ ಶಕೀಲಾ ಲೋಕಲ್ ಗಾಡಿಯೊಳಗೇ ಉಳಿದಳು. ಸರ್ ಪ್ಲಾಟ್‌ಫಾರ್ಮಿನಲ್ಲಿ ಎಣಿಸಿದರು, ಹನ್ನೆರಡೂ ಸರಿ ಎಂದು ಹೊರಟುಬಿಟ್ಟರು. ಮುಂದಿನ ಸ್ಟೇಷನ್ನಿನಲ್ಲಿ ಒಬ್ಬಳೇ ಇಳಿದ ಹುಡುಗಿ ವಾಪಸು ಬರಲೆಂದು ಹಳಿ ದಾಟಿದಳು.

ಈ ವಾದ ನನಗೆ ಯಾವತ್ತೂ ಒಪ್ಪಿಗೆಯಾಗಿಲ್ಲ. ಎದುರಿಗೆ ನಿಂತ ಹನ್ನೊಂದು ಮಕ್ಕಳನ್ನು ಹನ್ನೆರಡೆಂದು ಎಣಿಸುವುದು ಹೇಗೆ? ಆ ಹನ್ನೆರಡನೆಯದು ಎಲ್ಲಿಂದ ಬಂತು? ಸರ್ ಈ ತಿಂಗಳು ನಿವೃತ್ತರಾಗುತ್ತಾರೆ. ಭಾನುವಾರ ಸನ್ಮಾನ. 'ಆ ಮನಷ್ಯಾಗ ಶಾಲು ಹೊದಸ್ತಾರೇನ?' ಎಂದು ಹಳೆಯ ಗೆಳತಿಯರಿಗೆಲ್ಲ ಫೋನು ಮಾಡಿ, ಯಾರೂ ಹೋಗದಂತೆ ಮಾಡಿದವಳು ಅಮ್ಮ. ಸನ್ಮಾನಕ್ಕೆ ಎರಡು ದಿನ ಮೊದಲು ಸರ್ ತಂಡವನ್ನು ಕೊನೆಯ ಸಲ ಬಾಂದ್ರಾಕ್ಕೆ ಕರೆದೊಯ್ಯುವರೆಂದು ತಿಳಿದು ನಾನೂ ಜೊತೆಯಾದೆ. ಕಾಲೇಜಿನ ಪತ್ರಿಕೆಗೆ ಬರೆಯುತ್ತೇನೆ ಎಂದೆ. ಅಮ್ಮನಿಗೆ ತಿಳಿಸಿಯೇ ಹೊರಟಿದ್ದೆ; ಸರ್‌ಗೆ ಮಾತ್ರ ಯಾರ ಮಗಳೆಂದು ಹೇಳಲಿಲ್ಲ.

ಬೆಳಿಗ್ಗೆ ಎಂಟಕ್ಕೆ ವಿಕ್ರೋಳಿ ಸ್ಟೇಷನ್ನಿನಲ್ಲಿ ಸೇರಿದೆವು. ಕುರ್ಲಾಕ್ಕೆ ಟಿಕೆಟು ಐದು ರೂಪಾಯಿ. ಮಳೆ ನಿಂತು ಸೆಕೆ ಹಿಡಿದಿತ್ತು. ಹನ್ನೆರಡು ಹುಡುಗಿಯರು ಸಾಲಾಗಿ ನಿಂತರು. ಸರ್ ಅವರ ಕಡೆ ನೋಡಲೇ ಇಲ್ಲ. ಗಾಡಿ ಬರುವ ದಿಕ್ಕಿಗೆ ಮುಖ ಮಾಡಿ ಸೀಟಿ ಊದಿದರು; ಹುಡುಗಿಯರು ಒಬ್ಬೊಬ್ಬರಾಗಿ ತಮ್ಮ ನಂಬರು ಕೂಗತೊಡಗಿದರು. "ಒಂದು, ಎರಡು, ಮೂರು..." ನಾಲ್ಕನೆಯವಳು ಸಾಲು ಬಿಟ್ಟು ನಲ್ಲಿಯ ಹತ್ತಿರ ನೀರು ಕುಡಿಯುತ್ತಿದ್ದಳು. ಪಕ್ಕದ ಐದನೆಯವಳು ಕಣ್ಣು ಮಿಟುಕಿಸದೆ "ನಾಲ್ಕು" ಎಂದಳು, ಮರುಕ್ಷಣ ತನ್ನ ದನಿಯಲ್ಲಿ "ಐದು" ಎಂದಳು. ಆರರ ನಂತರ ಎಲ್ಲರೂ ಸುಮ್ಮನಾದರು. ಒಂದು ಅಂಕಿ ಹೇಳುವಷ್ಟು ಹೊತ್ತು. ಆಮೇಲೆ ಎಂಟು. ಹುಡುಗಿಯರು ಹನ್ನೆರಡೇ, ಆದರೆ ಏಳನ್ನು ಯಾರಿಗೂ ಕೊಡದ ಎಣಿಕೆ ಹದಿಮೂರಕ್ಕೆ ಮುಗಿಯಿತು.

ಅಷ್ಟರಲ್ಲಿ ನಾಲ್ಕನೆಯವಳು ಬಾಯಿ ಒರೆಸಿಕೊಳ್ಳುತ್ತ ಸಾಲಿಗೆ ಸೇರಿದ್ದಳು. ಸರ್ ತಿರುಗಿ, ಸಾಲಿನುದ್ದಕ್ಕೂ ನಡೆದು, ಒಬ್ಬೊಬ್ಬಳ ತಲೆ ಮುಟ್ಟಿದರು. ಆರನೆಯವಳಿಗೂ ಎಂಟನೆಯವಳಿಗೂ ನಡುವೆ ಒಬ್ಬಳು ನಿಲ್ಲುವಷ್ಟು ಜಾಗವಿತ್ತು. ಅಲ್ಲಿಯೂ ಅವರ ಕೈ ಕೆಳಗಿಳಿಯಿತು, ಹದಿನೈದರ ಹುಡುಗಿಯ ತಲೆಯಷ್ಟು ಎತ್ತರದಲ್ಲಿ ನಿಂತಿತು, ಮುಂದೆ ಹೋಯಿತು.

ಕುರ್ಲಾದಲ್ಲಿ ಮತ್ತೆ ಅದೇ. ಬೆಳಗಿನ ಎಂಟೂವರೆಯ ಕುರ್ಲಾವನ್ನು ಕಂಡವರಿಗೆ ಗೊತ್ತು, ಅಲ್ಲಿ ಕಾಲಿಡಲು ಜಾಗ ಸಿಕ್ಕರೆ ಪುಣ್ಯ. ಆದರೂ ಆ ಒಂದಾಳಿನ ಜಾಗದೊಳಗೆ ಯಾರೂ ನುಗ್ಗಲಿಲ್ಲ. ಬುಟ್ಟಿ ಹೊತ್ತ ಮೀನಿನವಳೊಬ್ಬಳು ನೇರ ಅದರತ್ತ ಬಂದಳು, ಸುತ್ತು ಹಾಕಿಕೊಂಡು ಹೋದಳು. ಕೈ ಎತ್ತಿದ ಮಾಸ್ತರನ್ನು ಕಂಡರೆ ಯಾರಾದರೂ ಸರಿದು ಹೋಗುತ್ತಾರೆ ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಆದರೆ ಅವಳು ಸರ್ ಕಡೆ ನೋಡಿಯೇ ಇರಲಿಲ್ಲ.

ಬಾಂದ್ರಾ ಬಸ್ಸಿನಲ್ಲಿ ಸರ್ ಪಕ್ಕ ಸೀಟು ಸಿಕ್ಕಿತು. ನೇರವಾಗಿ ಕೇಳಿದೆ.

"ಸರ್, ಅವತ್ತು ನೀವು ತಪ್ಪು ಎಣಿಸಿದಿರಾ?"

ಅವರಿಗೆ ಸಿಟ್ಟು ಬರಲಿಲ್ಲ. "ನಾ ಕಿವೀಲೆ ಎಣಸ್ತಿದ್ದೆ ಯವ್ವಾ. ಕಣ್ಣು ಗಾಡಿ ಬಾಗಲದ ಮ್ಯಾಲೆ ಇರತಿತ್ತು. ಅವತ್ತ ಹನ್ನೆರಡೂ ದನಿ ಬಂದ್ವು. ಏಳೂ ಬಂತು. ಇನ್ನೂ ಕಿವ್ಯಾಗ ಐತಿ."

"ಶಕೀಲಾನ ದನಿಯಾ?"

"ಅಕೀದಲ್ಲ. ಅವತ್ತ ಗೊತ್ತಾಗಲಿಲ್ಲ, ಗದ್ದಲಿತ್ತು. ಆಮ್ಯಾಲೆ ದಿನಾ ಕೇಳಿ ಕೇಳಿ ಗೊತ್ತಾತು. ಮಂದಿ ಅಂತಾರ, ಅಕೀ ಆತ್ಮ ಕೂಗಿತ್ತಂತ."

"ಆತ್ಮ ಹೇಗೆ ಸರ್? ಆಗಿನ್ನೂ ಅವಳು ಬದುಕಿದ್ದಳಲ್ಲ."

"ಅದನ್ನ ನೀ ಒಬ್ಬಾಕಿ ಕೇಳಿದಿ ನೋಡು," ಎಂದು ಅವರು ಕಿಟಕಿಯ ಕಡೆ ತಿರುಗಿದರು.

ಬಾಂದ್ರಾದ ಮೈದಾನ ಕೆಸರಾಗಿತ್ತು. ನಮ್ಮವರು ಎರಡು ಪಾಯಿಂಟುಗಳಿಂದ ಸೋತರು. ವಡಾಪಾವ್ ತಿನ್ನುವಾಗ ಎಂಟನೇ ನಂಬರಿನ ಆಯೇಷಾಳನ್ನು, ಬೆಳಿಗ್ಗೆ ಐದನೆಯವಳು 'ನಾಲ್ಕು' ಎಂದದ್ದರ ಬಗ್ಗೆ ವಿಚಾರಿಸಿದೆ.

"ಸರ್‌ಗೆ ಹೇಳ್ಬೇಡಿ ಹಾಂ ದೀದಿ! ಒಬ್ಳು ಲೇಟ್ ಆದ್ರೂ ಪೂರಾ ಟೀಮ್‌ಗೆ ಹತ್ತು ರೌಂಡ್. ಇಸ್‌ಲಿಯೇ ಬಾಜೂನವ್ಳು ಅವ್ಳ ನಂಬರ್ ಹೇಳ್ಬಿಡ್ತಾಳೆ. ಮುಂದಿನವ್ಳೋ ಹಿಂದಿನವ್ಳೋ, ಜೋ ಭಿ."

"ಯಾರು ಕಲಿಸಿದ್ದು?"

"ಕಲಿಸೋದೇನು? ಶುರೂ ಸೇ ಹಂಗೇ ಇದೆ."

ಹಾಗಾದರೆ ಉತ್ತರ ಇಷ್ಟೇ. ಶಕೀಲಾ ಹಿಂದೆಯೇ ಇಳಿಯುತ್ತಿದ್ದಾಳೆ ಎಂದುಕೊಂಡು ಪಕ್ಕದವಳು ಅವಳ ಅಂಕಿಯನ್ನು ಕೂಗಿದಳು. ಹತ್ತು ಸುತ್ತು ಓಡುವುದನ್ನು ತಪ್ಪಿಸಲು. ಇದರಲ್ಲಿ ದೆವ್ವವೂ ಇಲ್ಲ, ಲೆಕ್ಕ ಬಾರದ ಮಾಸ್ತರೂ ಇಲ್ಲ. ಏಳರ ಪಕ್ಕದವಳೆಂದರೆ ಆರು. ಅಂದಿನ ಆರನೇ ನಂಬರು ಯಾರೆಂದು ಅಮ್ಮನನ್ನು ಕೇಳಬೇಕು ಎಂದುಕೊಂಡೆ. ಏಳಕ್ಕೆ ಇನ್ನೊಂದು ಪಕ್ಕವೂ ಇದೆ ಎಂಬುದನ್ನು ನನ್ನ ತಲೆ ಯಾಕೆ ಬಿಟ್ಟುಬಿಟ್ಟಿತೋ!

ನಾಲ್ಕೂವರೆಗೆ ಮತ್ತೆ ಕುರ್ಲಾ. ವಿಕ್ರೋಳಿಯ ಕಡೆ ಹೋಗುವ ಗಾಡಿಗೆ ಕಾಯುತ್ತ ಹುಡುಗಿಯರು ಸಾಲು ನಿಂತರು. ಸರ್ ಬೆನ್ನು ತಿರುಗಿಸಿ ಸೀಟಿ ಊದಿದರು. ಗೆದ್ದ ವಾದವನ್ನು ಸುಮ್ಮನೆ ಇಟ್ಟುಕೊಳ್ಳುವ ಅಭ್ಯಾಸ ನನಗಿಲ್ಲ. ಆ ಖಾಲಿ ಜಾಗದಲ್ಲಿ ಹೋಗಿ ನಿಂತೆ. "ಆರು" ಎಂದದ್ದು ಕೇಳಿಸಿತು. "ಏಳು" ಎಂದೆ.

ಆಯೇಷಾ ಎಂಟು ಅನ್ನಲಿಲ್ಲ. ಇಷ್ಟು ಹೊತ್ತು ಆ ಜಾಗ ಬಿಟ್ಟು ಹರಿಯುತ್ತಿದ್ದ ಮಂದಿ ಈಗ ನನ್ನ ಭುಜಕ್ಕೆ ತಾಗಿಕೊಂಡು ಹೋಗತೊಡಗಿದರು. ಸರ್ ತಿರುಗಲೇ ಇಲ್ಲ.

"ಇನ್ನೊಮ್ಮೆ ಅನ್ನವ್ವ," ಎಂದರು.

"ಏಳು."

"ಅದ ದನಿ." ಈಗ ತಿರುಗಿದರು. ಕಣ್ಣು ನನ್ನ ಮೇಲಿತ್ತು; ನೋಡುತ್ತಿದ್ದದ್ದು ನನ್ನನ್ನಲ್ಲ. "ಇಪ್ಪತ್ತಾರು ವರ್ಷಾತು, ಹಿಂಗ ಅನ್ನಾಕಿ ಸಿಕ್ಕಿರಲಿಲ್ಲ. ನೀ ಯಾರ ಮಗಳ?"

ನಮ್ಮ ಮನೆಗೆ ಫೋನು ಮಾಡಿದ ಬಂಧುಗಳು ನನ್ನನ್ನು ಅಮ್ಮನೆಂದೇ ತಿಳಿದು ಅರ್ಧ ಮಾತು ಮುಗಿಸಿರುತ್ತಾರೆ. ಅದು ಆಗ ನೆನಪಾಯಿತು. ಅಮ್ಮನ ಹೆಸರು ಹೇಳಿದೆ.

"ಎಂಟು," ಎಂದರು ಸರ್, ಅಷ್ಟೇ. ಆಮೇಲೆ ಒಂದರಿಂದ ತಲೆ ಮುಟ್ಟುತ್ತ ಬಂದರು. ನನ್ನ ಮೇಲೆ ಅವರ ಕೈ ನಿಂತಿತು. ನಾನು ಹುಡುಗಿಯರಿಗಿಂತ ಎತ್ತರ, ಆದರೂ ಆ ಕೈ ತಲೆಯ ಮಟ್ಟಕ್ಕೆ ಏರಲಿಲ್ಲ, ನನ್ನ ಕುತ್ತಿಗೆಯ ಬಳಿ ಗಾಳಿಯನ್ನು ಸವರಿ ಮುಂದೆ ಹೋಯಿತು. ಅಲ್ಲಿ ತಣ್ಣಗಾದದ್ದು ವಿಕ್ರೋಳಿ ಮುಟ್ಟುವವರೆಗೂ ಬಿಡಲಿಲ್ಲ.

ಸ್ಟೇಷನ್ನಿನ ಹೊರಗೆ ಬೀಳ್ಕೊಡುವಾಗ ಸರ್, "ಐತವಾರ ಸನ್ಮಾನಕ್ಕ ಅಕೀನ ಬರಾಕ ಹೇಳು. ನಾ ಏನೂ ಕೇಳಂಗಿಲ್ಲ," ಎಂದರು.

ಮನೆಯಲ್ಲಿ ಅಮ್ಮ ಶೇಂಗಾ ಹುರಿಯುತ್ತಿದ್ದಳು. "ಸೋತು ಬಂದ್ರೇನ? ಅಂವಾ ಎಣಸಿದ್ನೇನ ಸರೀಗೆ?" ಎಂದು ನಕ್ಕಳು. ನಾನು ಬ್ಯಾಗು ಇಳಿಸದೆ ಬಾಗಿಲಲ್ಲೇ ನಿಂತು ಕೇಳಿದೆ:

"ಅಮ್ಮಾ, ಅವತ್ತ ಕುರ್ಲಾದಾಗ ಎಂಟು ಅನ್ನೂಕಿಂತ ಮೊದಲ ನೀ ಮತ್ತೇನರ ಅಂದಿದ್ದೇನ?"