ಹೆಂಗಸರ ಕೋಣೆಯ ಜಾನ್ ಬೀ

ಬೆಳಗಿನ ಐದೂವರೆ. ಚಿಂತಾಮಣಿ ರೈಲು ನಿಲ್ದಾಣದ ಹೆಂಗಸರ ಕೋಣೆ ಗುಡಿಸಿ ಮುಗಿಸಿದ ಜಾನ್ ಬೀ, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಹೊರಗೆ ಬರುತ್ತಾರೆ. ಬೆಂಗಳೂರಿನ ಕಡೆಯ ರೈಲಿಗೆ ಇನ್ನೂ ಮುಕ್ಕಾಲು ಗಂಟೆಯಿದೆ. ಬೆಂಚಿನ ಮೇಲೆ ಮುದುಡಿ ಕೂತ ಹುಡುಗಿಯೊಬ್ಬಳಿಗೆ ಚೊಂಬು ನೀರು ಕೊಟ್ಟು, "ಯಾವೂರಮ್ಮಾ? ಯಾರ ಮನೆಗೆ ಹೊರಟೆ?" ಎನ್ನುತ್ತಾರೆ. ಹುಡುಗಿ ಸೋದರಮಾವನ ಹೆಸರು, ಬೀದಿ, ಅವರ ಮನೆ ಎಮ್ಮೆ ಕರು ಹಾಕಿದ್ದು, ಎಲ್ಲವನ್ನೂ ಹೇಳುತ್ತಾಳೆ. ಜಾನ್ ಬೀ ನಗುತ್ತಾರೆ. "ಹೋಗ್ಬಾ ತಾಯಿ. ಕಿಟಕಿ ಹತ್ರ ಕೂತ್ಕೋಬೇಡ, ಕಣ್ಣಿಗೆ ಇಂಜಿನ್ ಕಿಡಿ ಬೀಳ್ತದೆ."

ಐವತ್ತರ ಅಂಚಿನ ಈ ಹೆಂಗಸಿಗೆ ಸಂಬಳ ಬರುವುದು ಎರಡು ಹೊತ್ತು ಗುಡಿಸುವುದಕ್ಕೆ, ದಿನಕ್ಕೆ ಹದಿನಾಲ್ಕು ಕೊಡ ನೀರು ತುಂಬುವುದಕ್ಕೆ. ಒಂಟಿ ಹುಡುಗಿಯರನ್ನು ವಿಚಾರಿಸುವ ಕೆಲಸವನ್ನು ಯಾರೂ ಒಪ್ಪಿಸಿಲ್ಲ. ಅದು ಅವರಾಗಿ ಹಚ್ಚಿಕೊಂಡದ್ದು.

ಕಾರಣ ದಿಲ್ಷಾದ್, ಅವರ ಅಕ್ಕನ ಮಗಳು. ತಾಯಿ ತೀರಿದ ಮೇಲೆ ಶಿಡ್ಲಘಟ್ಟದಲ್ಲಿ ಜಾನ್ ಬೀ ಜೊತೆ ರೇಷ್ಮೆ ನೂಲು ತೆಗೆಯುತ್ತಿದ್ದವಳು. ೧೯೫೨ರಲ್ಲಿ ಪರವೂರಿನ ಹೆಂಗಸೊಬ್ಬಳು ಬೊಂಬಾಯಿಯಲ್ಲಿ ಮನೆಗೆಲಸ ಕೊಡಿಸುತ್ತೇನೆಂದಾಗ, ಜಾನ್ ಬೀ ಆಕೆಯನ್ನು ನಂಬಿ ಹದಿನಾಲ್ಕರ ಹುಡುಗಿಯನ್ನು ಕಳಿಸಿದರು. ಆಕೆ ಕೊಟ್ಟ ವಿಳಾಸದಲ್ಲಿ ಅಂಥ ಮನೆಯೇ ಇರಲಿಲ್ಲ. ದಿಲ್ಷಾದ್ ಮತ್ತೆ ಸಿಗಲಿಲ್ಲ.

"ಯಾರೂ ಕದ್ಕೊಂಡು ಹೋಗಲಿಲ್ಲ ಅಪ್ಪ. ನಾನೇ ತಲೆ ಬಾಚಿ, ನಾನೇ ರೈಲು ಹತ್ತಿಸಿದೆ," ಎನ್ನುವಾಗ ಜಾನ್ ಬೀ ದನಿ ಏರುವುದಿಲ್ಲ. "ಅವತ್ತು ಯಾರಾದ್ರೂ ಒಬ್ರು ಅಡ್ಡ ಬಂದು ಕೇಳಿದ್ರೆ ನನಗೂ ಬುದ್ಧಿ ಬರ್ತಿತ್ತೇನೋ."

ನಾಲ್ಕು ವರ್ಷದ ಮೇಲೆ ಈ ನಿಲ್ದಾಣದಲ್ಲಿ ಕೆಲಸ ಸಿಕ್ಕಿತು. ಅಂದಿನಿಂದ ಏಳು ವರ್ಷ, ಕೇಳುತ್ತಲೇ ಇದ್ದಾರೆ. ನಿಜವಾದ ಚಿಕ್ಕಪ್ಪ, ದೊಡ್ಡಪ್ಪಂದಿರಿಂದ ಬೈಸಿಕೊಂಡದ್ದೂ ಉಂಟು.

ಹೋದ ವರ್ಷ ಕೆಂಚಾರ್ಲಹಳ್ಳಿ ಕಡೆಯ ಗಂಗುಲಮ್ಮನನ್ನು ಒಬ್ಬಾತ ಕರೆತಂದ. ಹುಡುಗಿಗೆ ಹದಿನೈದೂ ತುಂಬಿರಲಿಲ್ಲ. ತಾನು ಚಿಕ್ಕಪ್ಪ, ಮಿಲ್ಲಿನಲ್ಲಿ ಕೆಲಸಕ್ಕೆ ಸೇರಿಸುತ್ತೇನೆ ಎಂದ. ಜಾನ್ ಬೀ ಹುಡುಗಿಯನ್ನು ನೀರಿಗೆಂದು ಒಳಗೆ ಕರೆದು, "ಮೀ ಚಿನ್ನಾಯನ ಪೇರೇಮಮ್ಮಾ?" ಎಂದು ತೆಲುಗಿನಲ್ಲಿ ಚಿಕ್ಕಪ್ಪನ ಹೆಸರು ಕೇಳಿದರು. ಹುಡುಗಿ ಬಾಗಿಲ ಕಡೆ ನೋಡಿದಳು. ಹೆಸರು ಗೊತ್ತಿರಲಿಲ್ಲ.

ಜಾನ್ ಬೀ ಪೊರಕೆಯನ್ನು ತೊಡೆಯ ಮೇಲಿಟ್ಟುಕೊಂಡು ಹೊಸ್ತಿಲಲ್ಲಿ ಕೂತುಬಿಟ್ಟರು. ರೈಲು ಬಂತು. ಆತ ಕೂಗಾಡಿದ, ಕೈಯೆತ್ತಿಕೊಂಡು ಬಂದ. "ಹೆಂಗಸರ ಕೋಣೆ ಇದು. ಕಾಲಿಡು ನೋಡಣ," ಎಂದರು. ಗಲಾಟೆ ಕೇಳಿ ಸ್ಟೇಷನ್ ಮಾಸ್ಟರ್ ಚನ್ನಕೇಶವ ಬರುವಷ್ಟರಲ್ಲಿ ಹೊರಟ ರೈಲಿಗೆ ಆತ ಒಬ್ಬನೇ ನೆಗೆದಿದ್ದ.

ಮಧ್ಯಾಹ್ನದ ಬಸ್ಸಿನಲ್ಲಿ ಜಾನ್ ಬೀಯೇ ಹುಡುಗಿಯನ್ನು ಮನೆ ಸೇರಿಸಿದರು. ತಂದೆ ನಲ್ಲಪ್ಪ ತಲೆ ಎತ್ತಲಿಲ್ಲ. "ನಾನು ಬೈಯಲಿಲ್ಲ. ನಾನೂ ಹಿಂಗೇ ಕಳಿಸಿದೋಳು ಕಣಪ್ಪ ಅಂದೆ. ಆಮೇಲೆ ಅಳೋಕೆ ಶುರು ಮಾಡಿದ."

ಗಂಗುಲಮ್ಮ ಈಗ ಊರಲ್ಲೇ ರೇಷ್ಮೆಹುಳು ಸಾಕುವ ಮನೆಯಲ್ಲಿ ಕೆಲಸಕ್ಕಿದ್ದಾಳೆ. ಸಂತೆಗೆ ಬಂದಾಗಲೆಲ್ಲ ಜಾನ್ ಬೀಗೆ ಹುರುಳಿಯೋ ಹುಣಸೆಯೋ ತರುತ್ತಾಳೆ. "ತಂದಿದ್ದಕ್ಕಿಂತ ಜಾಸ್ತಿ ತಿಂದು ಹೋಗ್ತಾಳೆ," ಎಂದು ದೂರುವಾಗ ಜಾನ್ ಬೀ ಮುಖ ಅರಳಿರುತ್ತದೆ.

ಹೀಗೆ ಮನೆಗೆ ಮರಳಿದವರು ಹನ್ನೊಂದು ಹುಡುಗಿಯರು ಎನ್ನುತ್ತಾರೆ ಚನ್ನಕೇಶವ. ಜಾನ್ ಬೀಗೆ ಆ ಎಣಿಕೆಯಲ್ಲಿ ಆಸಕ್ತಿಯಿಲ್ಲ. ನಿಮಗೇನಾದರೂ ಬೇಕೇ ಎಂದರೆ, ಪೊರಕೆಯನ್ನು ಗೋಡೆಗೆ ಒರಗಿಸಿ ಹೇಳುತ್ತಾರೆ:

"ಇನ್ನೊಬ್ಬ ಹೆಂಗಸನ್ನ ಕೆಲಸಕ್ಕೆ ಹಾಕ್ಲಿ ಅಪ್ಪ. ಹೋದ ತಿಂಗಳು ಮೂರು ದಿನ ಜ್ವರ ಬಂದು ಮಲಗಿದ್ದೆ. ಆ ಮೂರು ದಿನ ಯಾರ್ಯಾರು ಹೋದ್ರೋ, ನನಗೆ ಗೊತ್ತಿಲ್ಲ."