ಬಾಣಂತಿ ಕೋಣೆಗೆ ಪ್ರೈಮರ್

ಎರಡು ವರ್ಷಗಳ ಹಿಂದಿನ ಶ್ರಾವಣ. ನಾನು ಬಣ್ಣದ ಕಂಪನಿಯೊಂದರ ಸೈಟ್ ಸಲಹೆಗಾರ್ತಿ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ನನ್ನ ವ್ಯಾಪ್ತಿಯಲ್ಲಿದ್ದವು. ಗೋಡೆಯ ತೇವವನ್ನು ಮೀಟರಿನಿಂದ ಅಳೆದು, ಅದಕ್ಕೆ ಬಣ್ಣಕ್ಕೆ ಮೊದಲು ಬಳಿಯುವ ಪ್ರೈಮರ್ ಯಾವುದು, ಬಣ್ಣ ಯಾವುದು ಎಂದು ಹೇಳುವುದು ನನ್ನ ಕೆಲಸ. ಈ ಭಾಗದ ಹಳೆಯ ಮನೆಗಳಲ್ಲಿ ನೆಲಕ್ಕೂ ಮಾಳಿಗೆಗೂ ಶಹಾಬಾದ್ ಕಲ್ಲಿನ ಹಾಸುಗಳೇ. ಮಳೆಗಾಲದಲ್ಲಿ ಮಾಳಿಗೆಯ ಹಾಸುಗಳ ಸಂದಿಯಿಂದ ನೀರಿಳಿದು ಗೋಡೆಗೆ ಕಪ್ಪು ಬೂಷ್ಟು ಹಿಡಿಯುತ್ತದೆ. ಅದರ ಮೇಲೆಯೇ ಬಣ್ಣ ಬಳಿಸಿದರೆ ಒಂದೆರಡು ತಿಂಗಳು ಚೆಂದ ಕಾಣುತ್ತದೆ. ಆಮೇಲೆ ಬಣ್ಣ ಉಬ್ಬಿ ಉದುರಿ, ಬೂಷ್ಟು ಮತ್ತೆ ಮುಖ ತೋರಿಸುತ್ತದೆ.

ವಾಡಿಯ ಶರಣಮ್ಮನವರ ಮನೆಗೆ ನನ್ನನ್ನು ಕರೆದೊಯ್ದವರು ಪೇಂಟರ್ ಮಹಬೂಬ್. ಶರಣಮ್ಮನವರ ಮಗಳು ಸುಧಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಚಿಕ್ಕಂದಿನಿಂದ ಅವಳಿಗೆ ದಮ್ಮು. ಬಾಣಂತನಕ್ಕೆಂದು ಗೊತ್ತುಮಾಡಿದ ಒಳಕೋಣೆಯ ಗೋಡೆಗೆ ಆಳೆತ್ತರ ಬೂಷ್ಟು ಹಿಡಿದಿತ್ತು. ತಾಯಿ, ಕೂಸು ಇಬ್ಬರೂ ತಿಂಗಳುಗಟ್ಟಲೆ ಉಸಿರಾಡಬೇಕಾದ ಕೋಣೆ ಅದು.

ಅದಕ್ಕಿದ್ದ ಒಂದೇ ಕಿಟಕಿಗೆ ಶರಣಮ್ಮ ಆಗಲೇ ರಟ್ಟು ಬಡಿದು, ಮೇಲೆ ಗೋಣಿತಟ್ಟು ಹೊದಿಸಿದ್ದರು. ಬಾಣಂತಿಗೆ ಗಾಳಿ ತಾಗಬಾರದು ಎಂಬುದು ರೂಢಿ.

"ಅಕ್ಕಾ, ಖಿಡಕಿ ತಗೀರಿ. ಗ್ವಾಡಿ ಒಣಗಬೇಕು. ಹಸಿ ಗ್ವಾಡಿಗಿ ಬಣ್ಣ ಹೊಡೆದ್ರ, ಬೆವರಿದ ಮುಖಕ್ಕ ಪೌಡರ್ ಹಚ್ಚಿದಂಗ ಆಗ್ತದ" ಎಂದರು ಮಹಬೂಬ್.

"ನನ್ನ ಮುಖ ನೋಡಿ ಯಾಕ ಹೇಳ್ತಿಯೋ ಮಹಬೂಬ" ಎಂದು ಗದರಿದರೂ ಶರಣಮ್ಮ ರಟ್ಟು ತೆಗೆಸಿದರು.

ನಾನು ಕೆಲಸದ ಕ್ರಮ ವಿವರಿಸಿದೆ. ಮೊದಲು ಮಾಳಿಗೆಯ ಸಂದಿಗಳನ್ನು ಮುಚ್ಚಬೇಕು. ಬೂಷ್ಟನ್ನು ಬ್ಲೀಚಿಂಗ್ ಪೌಡರ್ ನೀರಿನಿಂದ ಉಜ್ಜಿ ತೊಳೆಯಬೇಕು. ಗೋಡೆ ಪೂರ್ತಿ ಒಣಗಿದ ಮೇಲೆ ಬೂಷ್ಟು ತಡೆಯುವ ಪ್ರೈಮರ್. ಬಣ್ಣ ಕೊನೆಗೆ.

ಬೂಷ್ಟು ತೊಳೆಯುವ ದಿನ ಮಹಬೂಬ್ ಏಣಿ ಹತ್ತಿ ಗೋಡೆ ಉಜ್ಜುತ್ತಿದ್ದರು. ಗಾರೆಯವನು ಮುಗಿಸಿಹೋಗಿದ್ದ ಸಂದಿಗಳನ್ನು ಪರೀಕ್ಷಿಸಲು ನಾನು ಮಾಳಿಗೆಯ ಮೇಲಿದ್ದೆ. ಅಷ್ಟರಲ್ಲಿ ತುಂತುರು ಶುರುವಾಯಿತು. ಇರಚಲು ಹೊಡೆಯುತ್ತದೆಂದು ಶರಣಮ್ಮ ಕಿಟಕಿಗೆ ಮತ್ತೆ ರಟ್ಟು ಒತ್ತಿ, ಗೋಣಿತಟ್ಟು ಇಳಿಬಿಟ್ಟರು. ಆಗ ನೆಲದ ಮೇಲೆ ಗಾರೆಯವನು ಬೀಳಿಸಿದ್ದ ಸಿಮೆಂಟಿನ ಕಲೆಗಳು ಅವರ ಕಣ್ಣಿಗೆ ಬಿದ್ದವು. ಹಾಸುಗಲ್ಲಿನ ಮೇಲಿನ ಸಿಮೆಂಟ್ ಕಲೆಗೆ ಆ್ಯಸಿಡ್ ಸುರಿದು ಉಜ್ಜುವುದು ಇಲ್ಲಿ ಮನೆಮನೆಯ ಅಭ್ಯಾಸ. ಮಗಳ ಕೋಣೆ ಲಕ್ಷಣವಾಗಿರಲಿ ಎಂದು ಅವರು ಬಾಟಲಿ ತಂದು ಕುಕ್ಕರಗಾಲಲ್ಲಿ ಕುಳಿತರು. ಗೋಡೆಯಿಂದ ಇಳಿದ ಬ್ಲೀಚಿಂಗ್ ನೀರು ಅದೇ ನೆಲದ ಮೇಲೆ ನಿಂತಿತ್ತು. ಅದರ ಮೇಲೆಯೇ ಅವರು ಆ್ಯಸಿಡ್ ಸುರಿದದ್ದು ಗೋಡೆಗೆ ಮುಖ ಮಾಡಿದ್ದ ಮಹಬೂಬರ ಕಣ್ಣಿಗೆ ಬೀಳಲಿಲ್ಲ.

ಮೆಟ್ಟಿಲು ಇಳಿಯುತ್ತಿದ್ದ ನನಗೆ ಮೊದಲು ಕೆಮ್ಮು ಕೇಳಿಸಿತು. ಆಮೇಲೆ ವಾಸನೆ ಬಡಿಯಿತು. ಕಾಲೇಜಿನ ಪ್ರಯೋಗಾಲಯದಲ್ಲಿ ಒಮ್ಮೆ ಮೂಸಿದ್ದು ಸಾಕಾಗಿತ್ತು, ಗುರುತು ಹಿಡಿಯಲು ಕ್ಷಣವೂ ಬೇಕಾಗಲಿಲ್ಲ. ಬ್ಲೀಚಿಂಗ್ ಪೌಡರಿಗೆ ಆ್ಯಸಿಡ್ ಸೇರಿದರೆ ಕ್ಲೋರಿನ್ ಅನಿಲ ಹುಟ್ಟುತ್ತದೆ. ಅದು ಗಾಳಿಗಿಂತ ಭಾರ, ತಗ್ಗಿನಲ್ಲೇ ಕೂರುತ್ತದೆ. ಶರಣಮ್ಮ ಕುಳಿತಿದ್ದು ಆ ತಗ್ಗಿನಲ್ಲೇ.

ಪಡಸಾಲೆಯಿಂದ ಸುಧಾ ತುಂಬಿದ ಹೊಟ್ಟೆ ಹಿಡಿದುಕೊಂಡು ಕೋಣೆಯತ್ತ ಧಾವಿಸಿದಳು. ನಾನು ಹೊಸ್ತಿಲಲ್ಲಿ ಅವಳನ್ನು ಎರಡೂ ಕೈಯಿಂದ ತಬ್ಬಿ ಹಿಡಿದೆ.

"ಬಿಡ್ರಿ ಮೇಡಂ, ನಮ್ಮವ್ವ ಒಳಗದಾಳ."

"ಮಹಬೂಬಭೈ ಅದಾರ. ನೀ ಹೋಗಬ್ಯಾಡ. ಅದು ವಿಷದ ಗಾಳಿ ಅದ."

ಅವಳು ನನ್ನ ಮೊಣಕೈಗೆ ಗುದ್ದುತ್ತಲೇ ಇದ್ದಳು. ನಾನು ಅವಳನ್ನು ಅಂಗಳಕ್ಕೆ ಎಳೆದೆ. ಒಳಗೆ ಹಳದಿ ಮಬ್ಬು, ಏಣಿ ಬಿದ್ದ ಸದ್ದು, ಆಮೇಲೆ ಏನೂ ಇಲ್ಲ. ಮಹಬೂಬ್ ಹೊರಗೆ ಬರದಿದ್ದರೆ ನಾನು ಏನು ಮಾಡುತ್ತಿದ್ದೆ, ಯಾರನ್ನು ಬಿಡುತ್ತಿದ್ದೆ ಎಂದು ಇವತ್ತಿಗೂ ನನ್ನನ್ನೇ ಕೇಳಿಕೊಳ್ಳುತ್ತೇನೆ.

ಅವರು ಬಂದರು. ಕಣ್ಣು ಮುಚ್ಚಿಕೊಂಡು, ಶರಣಮ್ಮನವರ ಕಂಕುಳಿಗೆ ಕೈ ಹಾಕಿ ಹಿಮ್ಮುಖವಾಗಿ ಎಳೆಯುತ್ತ ಬಂದರು. ನಾನು ಹಿತ್ತಲಿಗೆ ಓಡಿ, ಹೊರಗಿನಿಂದಲೇ ಬಿದಿರು ಗಳದಿಂದ ಕಿಟಕಿಯ ರಟ್ಟನ್ನು ತಳ್ಳಿ ಬೀಳಿಸಿದೆ.

ಆಸ್ಪತ್ರೆಯಲ್ಲಿ ಶರಣಮ್ಮನವರಿಗೆ ಆಕ್ಸಿಜನ್ ಹಚ್ಚಿದರು. ಸಂಜೆಯ ಹೊತ್ತಿಗೆ ಉಸಿರು ಹದಕ್ಕೆ ಬಂತು. ಪಕ್ಕದ ಮಂಚದಿಂದ ಮಹಬೂಬ್, "ಇಷ್ಟು ವರ್ಷ ಊರಿಗೆಲ್ಲ ಬಣ್ಣ ಹೊಡದೀನಿ, ನನ್ನ ಕಣ್ಣಿಗಿ ಕೆಂಪು ಹೊಡದಾಕಿ ನೀವೇ ನೋಡ್ರಿ ಅಕ್ಕಾ" ಎಂದರು. ಮುಖಕ್ಕೆ ಮಾಸ್ಕ್ ಇದ್ದ ಶರಣಮ್ಮ ಕೈಯಿಂದಲೇ ಅವರಿಗೆ ಹೊಡೆದಂತೆ ಮಾಡಿದರು. ಸುಧಾ ಅತ್ತು ಮುಗಿಸಿ ನಕ್ಕಳು.

ಮನೆಗೆ ಮರಳಿದ ಮೇಲೆ ಕಿಟಕಿ ಮುಚ್ಚುವ ಮಾತೇ ಬರಲಿಲ್ಲ. ಕೋಣೆಯನ್ನು ಬರೀ ನೀರಿನಿಂದ ಮತ್ತೆ ಮತ್ತೆ ತೊಳೆದು, ಮೀಟರ್ ಒಪ್ಪುವವರೆಗೆ ಒಣಗಲು ಬಿಟ್ಟೆವು. ಪ್ರೈಮರ್ ಎರಡು ಕೋಟ್ ಆಯಿತು. ಬಣ್ಣದ ಕಾರ್ಡ್ ಬಿಡಿಸಿದಾಗ ಶರಣಮ್ಮ, "ಯಾವುದಾರ ಹೊಡೀರಿ, ಹಳದಿ ಒಂದು ಬ್ಯಾಡ" ಎಂದರು. ತಿಳಿನೀಲಿ ಹೊಡೆಸಿದೆವು.

ತೊಟ್ಟಿಲು ಹಾಕುವ ದಿನ ನನಗೂ ಕರೆ ಬಂದಿತ್ತು. ಗೋಡೆ ಸ್ವಚ್ಛವಾಗಿತ್ತು, ಕಿಟಕಿಗೆ ತೆಳು ಪರದೆ, ಅದರ ಪಕ್ಕ ಮಲಗಿದ ಸುಧಾಳ ಉಸಿರಲ್ಲಿ ದಮ್ಮಿನ ಸುಯ್ಲಿರಲಿಲ್ಲ. ಓಣಿಯ ಹಿರಿಯಳೊಬ್ಬಳು, "ಶರಣವ್ವ, ಕೂಸಿಗಿ ಗಾಳಿ ಬಡಿಸ್ಲಿಕತ್ತಿ ಏನ?" ಎಂದು ಆಕ್ಷೇಪಿಸಿದಳು.

"ಗಾಳಿ ಹೆಚ್ಚಾದ್ರ ಕೂಸಿನ ತಲಿಗಿ ಕುಂಚಿಗಿ ಕಟ್ತೀನಿ" ಎಂದರು ಶರಣಮ್ಮ. "ಗಾಳೀನೇ ಇಲ್ಲಾಂದ್ರ ಏನ್ ಕಟ್ಲಿ?"

ಗೋಡೆಯನ್ನಷ್ಟೇ ನೋಡಿದರೆ ಸಾಲದು, ಅದೇ ಕೋಣೆಯಲ್ಲಿ ಮತ್ಯಾರು ಅಕ್ಕರೆಯಿಂದ ಏನು ಮಾಡಲು ಹೊರಟಿದ್ದಾರೆ ಎಂದೂ ಕೇಳಬೇಕು. ಈ ಕೆಲಸ ನನಗೆ ಕಲಿಸಿದ್ದು ಅದನ್ನು. ಈಗ ಯಾವ ಮನೆಗೆ ಹೋದರೂ ಮೊದಲು ಆ್ಯಸಿಡ್ ಬಾಟಲಿಯನ್ನು ಹೊರಗಿಡಿಸುತ್ತೇನೆ, ಕಿಟಕಿ ತೆರೆಸುತ್ತೇನೆ. ಪ್ರೈಮರ್ ಡಬ್ಬಿಯ ಮುಚ್ಚಳ ತೆಗೆಸುವುದು ಆಮೇಲೆ.